ಹೆಸರಿಲ್ಲದೆ ಬಂದ ಯುನಿಕ್ಸ್

1987 ಜುಲೈ 14, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಹೊನ್ನಾವರದ ನಮ್ಮ ಕಾಲೇಜಿಗೆ ಬಂದ ಮೊದಲ ಕಂಪ್ಯೂಟರನ್ನು ಆಗ ಚಾಲೂ ಮಾಡಿದೆ. ನಾನು ಅಲ್ಲಿ ಪ್ರಯೋಗಾಲಯ ಸಹಾಯಕ. ಪಕ್ಕದಲ್ಲಿ ನಿಂತಿದ್ದ, ಪ್ರಯೋಗಾಲಯದ ಹೊಣೆ ಹೊತ್ತ ಮಾಸ್ತರು ಪರದೆ ನೋಡಿ ಹುಬ್ಬು ಗಂಟಿಕ್ಕಿದರು.

"ಎಂತದೋ ಇದು? ನಾವು ಬರೆದ ಹೆಸರು ಒಂದು, ಬಂದ ಹೆಸರು ಇನ್ನೊಂದು."

ನಾವು ಕೇಳಿದ್ದು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇರುವ ಯಂತ್ರ. ಪರದೆಯ ಮೇಲಿದ್ದದ್ದು ಬೇರೆಯದೇ ಹೆಸರು. 'ಕೇಳಿದ್ದೇ ಬಂದಿದೆ' ಎಂದು ಮಾಸ್ತರು ಶನಿವಾರದೊಳಗೆ ಸಹಿ ಹಾಕಬೇಕು. ಇಲ್ಲದಿದ್ದರೆ ಯಂತ್ರ ವಾಪಸು ಹೋಗುತ್ತದೆ, ಹದಿನಾಲ್ಕು ವಿದ್ಯಾರ್ಥಿಗಳ ಪಾಠ ನಿಲ್ಲುತ್ತದೆ. ಹಿಂದಿನ ವರ್ಷ ಮಾಸ್ತರು ಸೂಕ್ಷ್ಮದರ್ಶಕಗಳಿಗೆ ನೋಡದೆ ಸಹಿ ಹಾಕಿ ಕಾಲೇಜಿನ ಕಮಿಟಿಯವರಿಂದ ಮಾತು ಕೇಳಿದ್ದರು. ಮತ್ತೊಮ್ಮೆ ಸುಳ್ಳಿಗೆ ಸಹಿ ಹಾಕಲು ಅವರು ತಯಾರಿರಲಿಲ್ಲ.

ಪರೀಕ್ಷೆ ಮಾಡಿಯೇ ಬಿಡೋಣ ಎಂದೆ. ಪಠ್ಯದಲ್ಲಿದ್ದ ಯುನಿಕ್ಸ್ ಕಮಾಂಡುಗಳು 64. ಒಂದೊಂದನ್ನೇ ಟೈಪ್ ಮಾಡಿ, ಐದೈದು ಗೀಟಿನ ಕಟ್ಟುಗಳಲ್ಲಿ ಲೆಕ್ಕ ಹಾಕಿದೆ. ಸಂಜೆ 4ಕ್ಕೆ 61 ಸರಿ, 3 ಇಲ್ಲ. 'ಇದು ಯುನಿಕ್ಸ್ ಹೌದು' ಎಂದು ದಾಖಲೆ ಪುಸ್ತಕದಲ್ಲಿ ಶಾಯಿಯಲ್ಲೇ ಬರೆದೆ. ಅದೇ ನನ್ನ ತಪ್ಪು.

ಮರುದಿನ ಕೈಪಿಡಿಯ ಎರಡನೆಯ ಪುಟದ ಸಣ್ಣ ಅಕ್ಷರ ಓದಿದೆ. ಯುನಿಕ್ಸ್ ಅದರ ಮಾಲೀಕರ ಟ್ರೇಡ್‌ಮಾರ್ಕ್, ಅವರ ಒಪ್ಪಿಗೆಯಿಲ್ಲದೆ ಬೇರೆಯವರು ಬಳಸಬಾರದ ಹೆಸರು. ಈ ವ್ಯವಸ್ಥೆಯನ್ನು ಅವರ ಪರವಾನಗಿ ಪಡೆದು ಅದರ ಮೂಲದಿಂದಲೇ ಮಾಡಿದ್ದು, ಆದರೆ ಆ ಪರವಾನಗಿಯಲ್ಲಿ ಹೆಸರು ಸೇರಿಲ್ಲ. ಅಂದರೆ ರಕ್ತ ಅದೇ, ನಡತೆ ಅದೇ, ಹೆಸರಿಗೆ ಮಾತ್ರ ಅನುಮತಿ ಇಲ್ಲ.

"ಇದೆಂತ ನ್ಯಾಯ?" ಎಂದರು ಮಾಸ್ತರು.

ಕೋಣೆ ಗುಡಿಸುತ್ತಿದ್ದ, ಪಕ್ಕದ ಮಂಕಿ ಊರಿನ ಅಕ್ಕ ಪೊರಕೆ ನಿಲ್ಲಿಸಿದರು. ಅವರ ಅಂಗಳದಲ್ಲಿ ಮಲ್ಲಿಗೆ ತೋಟವಿತ್ತು. "ನಮ್ಮನೆ ಗಿಡ ಭಟ್ಕಳದಿಂದ್ಲೇ ತಂದದ್ದು, ತಮಾ. ಪರಿಮಳ ಅದೇ, ಕಟ್ಟೂದೂ ಹಂಗೇಯ. ಭಟ್ಕಳದ ಹೂವಿನವ ತನ್ನ ಬುಟ್ಟಿಗೆ ಹಾಕ್ಕಂಡ್ರೆ ಭಟ್ಕಳ ಮಲ್ಲಿಗೆ. ನಾ ಮಂಕಿಲಿ ಮಾರಿದ್ರೆ ಬರೀ ಮಲ್ಲಿಗೆ."

"ಮುಡಿದವರಿಗೆ ಗೊತ್ತಾಗ್ತದಾ?" ಎಂದರು ಮಾಸ್ತರು.

"ಮುಡಿದವ್ರಿಗೆ ಎಂತಕ್ಕೆ ಗೊತ್ತಾಗ್ಬೇಕು ಮಾಸ್ತರ್ರೇ? ಹೇಳೂದು ಬುಟ್ಟಿಯವ."

ನನ್ನ ವಾಕ್ಯದ ಮೇಲೆ ಗೆರೆ ಎಳೆದು ಹೊಸದಾಗಿ ಬರೆದೆ: 'ಯುನಿಕ್ಸ್ ಮೂಲದ್ದು, ಆ ಹೆಸರಿನ ಹಕ್ಕಿಲ್ಲ, 64ರಲ್ಲಿ 61 ಕಮಾಂಡು ಸರಿ, ಪಾಠಕ್ಕೆ ಸಾಕು.' ಮಾಸ್ತರು ಎರಡು ಸಲ ಓದಿದರು.

"ಆತು. ಇದಕ್ಕೆ ಹೆದರದೆ ಸಹಿ ಹಾಕಬಹುದು."

ಕಮಿಟಿಯವರು ಒಪ್ಪಿದರು. 20ರ ಸೋಮವಾರ ಹದಿನಾಲ್ಕೂ ಮಂದಿ ಸರದಿಯಲ್ಲಿ ಕೂತರು. ಗೈರುಹಾಜರಿ ಸೊನ್ನೆ.

ಮೂಲ ಒಂದೇ ಆದರೆ ಸಾಲದು, ನಡತೆ ಒಂದೇ ಆದರೂ ಸಾಲದು, ಹೆಸರಿನ ಒಡೆಯ ಒಪ್ಪಬೇಕು ಎಂಬಷ್ಟು ನನಗೆ ಖಚಿತವಿದೆ. ಆದರೆ ಒಪ್ಪುವ ಮೊದಲು ಆ ಒಡೆಯರು ಆಗ ಏನೇನು ಪರೀಕ್ಷಿಸುತ್ತಿದ್ದರು? ನಮ್ಮಲ್ಲಿ ತಪ್ಪಿದ ಆ ಮೂರು ಕಮಾಂಡುಗಳು ಅದರಲ್ಲಿದ್ದವೇ? ಆ ಕಾಲದಲ್ಲಿ ಇಂಥ ಯಂತ್ರಗಳ ಜೊತೆ ಕೆಲಸ ಮಾಡಿದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಒಂದು ಸಾಲು ಬರೆಯಿರಿ. ದಾಖಲೆಯಲ್ಲಿ ಅದಕ್ಕೆಂದೇ ಅರ್ಧ ಪುಟ ಬಿಟ್ಟಿದ್ದೇನೆ.