ಕುಸ್ತೋದಿಯೊ ಬೀಗ ಹಾಕಿದ ಸಿಲಿಂಡರುಗಳು

ಚಿಲಿಯಲ್ಲಿ ಬೆಂಕಿ ಆರಿಸುವವನಿಗೆ ಸಂಬಳವಿಲ್ಲ. ಸಂಬಳ ಹಾಳಾಗಲಿ, ತಿಂಗಳಿಗೊಮ್ಮೆ ಅವನೇ ತನ್ನ ಕಂಪನಿಗೆ, ಅಂದರೆ ಬೆಂಕಿ ಆರಿಸುವ ದಳಕ್ಕೆ, ವಂತಿಗೆ ಕಟ್ಟಬೇಕು. ಊರವರ ಮನೆ ಉರಿಯುವಾಗ ಒಳಗೆ ನುಗ್ಗುವುದಕ್ಕೆ ಕಿಸೆಯಿಂದ ದುಡ್ಡು ಕೊಡುವ ಜನ ನಾವು. ನಮ್ಮೂರು ಸಾಂತಾ ಎಲ್ವಿರಾದ ಎರಡನೇ ಕಂಪನಿಗೆ ಕುಸ್ತೋದಿಯೊ ನೆಕುಲ್ಪಾನ್ ಹರೆಯದಿಂದಲೂ ಹೀಗೆ ಕೊಡುತ್ತಾ ಬಂದಿದ್ದ. ಕೊನೆಗೆ ಅದಕ್ಕೆ ಕ್ಯಾಪ್ಟನ್ನೂ ಆದ. ಅವನನ್ನು ಹೊರಗೆ ಹಾಕಿದ ದಿನವೂ ಆ ತಿಂಗಳ ವಂತಿಗೆ ಕಟ್ಟಿಯೇ ಹೋದ.

ಆಳು ಕುಳ್ಳ, ಭುಜ ಮಾತ್ರ ಬಾಗಿಲಿನಷ್ಟು ಅಗಲ. ಹಣೆಯ ಮೇಲೆ ನೀಲಿ ಗೀರು; ಗಾಯದೊಳಗೆ ಕಲ್ಲಿದ್ದಲ ಪುಡಿ ಕೂತು ಹಾಗೇ ಮಾಗಿದ ಗುರುತು. ನಮ್ಮೂರಿನ ಐವತ್ತು ದಾಟಿದ ಗಂಡಸರಲ್ಲಿ ಅರ್ಧ ಜನಕ್ಕೆ ಅಂಥದೊಂದಿದೆ. ಊರಿನ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಕೊಳಾಯಿ ರಿಪೇರಿ ಕಲಿತ. ಮೆಟ್ಟಿಲು ಹತ್ತಿದರೆ ಎದೆಯೊಳಗೆ ಜಲ್ಲಿ ಉರುಳಿದ ಸದ್ದು. ಗಣಿಯ ದೊಡ್ಡ ಮುಷ್ಕರದಲ್ಲಿ ನಾವು ಹೆಂಗಸರು ಬೀದಿಯಲ್ಲಿ ಹಂಡೆ ಇಟ್ಟು ಬೀನ್ಸ್ ಬೇಯಿಸುತ್ತಿದ್ದಾಗ ಸದ್ದಿಲ್ಲದೆ ಕಟ್ಟಿಗೆ ತಂದು ಹಾಕಿ ಹೋಗುತ್ತಿದ್ದವನು ಅವನು. ಮಾತಾಡು ಬಾರೋ ಅಂತ ವೇದಿಕೆಗೆ ಕರೆದರೆ, "ನನ್ ಬಾಯಿ ಉಣ್ಣಕ್ಕಷ್ಟೇ ಅಕ್ಕಾ" ಅನ್ನುತ್ತಿದ್ದ.

ಗಣಿಯಲ್ಲಿ ತನ್ನ ಗ್ಯಾಂಗಿನ ದೀಪ ನೋಡುವುದು ಅವನ ಕೆಲಸವಾಗಿತ್ತು. ಸಮುದ್ರದ ತಳಕ್ಕಿಂತ ಕೆಳಗಿನ ಸುರಂಗ ಅದು. ಉರಿಯುವ ಗಾಳಿ ಸೇರಿಕೊಂಡರೆ ದೀಪದ ಜ್ವಾಲೆಯ ಮೇಲೆ ನೀಲಿ ಮುಸುಕು ಏಳುತ್ತದೆ. ಅದನ್ನು ಕಂಡವನು "ಮೇಲಕ್ಕೆ" ಅಂದರೆ ಸಾಕು, ಪಿಕಾಸಿ ಇದ್ದಲ್ಲೇ ಬಿಟ್ಟು ಎಲ್ಲರೂ ಹೊರಡಬೇಕು. ಮೇಸ್ತ್ರಿಯನ್ನು ಕೇಳುವಂತಿಲ್ಲ. ಮೇಲೆ ಬಂದ ಮೇಲೆ ಏನೂ ಇರಲಿಲ್ಲ ಅಂತ ಗೊತ್ತಾದರೂ ಅಂದವನನ್ನು ಹಂಗಿಸುವಂತಿಲ್ಲ. ಕೂಲಿ ಹೋಯಿತಾ, ಹೋಯಿತು. ಈ ಕಟ್ಟಳೆಯನ್ನು ಯಾವ ಸರ್ಕಾರವೂ ಬರೆದದ್ದಲ್ಲ, ಸತ್ತವರು ಬಿಟ್ಟುಹೋದದ್ದು.

ಬೆಂಕಿ ಕಂಪನಿಯ ಕಟ್ಟಳೆ ಇದಕ್ಕೆ ಪೂರಾ ಉಲ್ಟಾ. ಸೈರನ್ ಕೂಗಿದರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಓಡಬೇಕು. ಒಳಗೆ ಜನ ಇದ್ದಾರೆ ಅಂದರೆ ನುಗ್ಗಬೇಕು. ಆಗಲ್ಲ ಅನ್ನುವ ಮಾತು ಅಲ್ಲಿಲ್ಲ. ಕುಸ್ತೋದಿಯೊ ಈ ಎರಡನ್ನೂ ಒಂದೇ ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದ. ಎಂದಾದರೂ ಅವು ಒಂದನ್ನೊಂದು ಕಚ್ಚಲೇಬೇಕಿತ್ತು.

ಕಂಪನಿಯ ಆಸ್ತಿ ಅಂದರೆ ಜರ್ಮನಿಯವರು ಬಳಸಿ ಬಿಟ್ಟ ಒಂದು ಲಾರಿ, ತೇಪೆ ಹಾಕಿದ ಪೈಪುಗಳು, ಮತ್ತೆ ಲಾರಿಯ ಜೊತೆಗೇ ದಾನ ಬಂದ ನಾಲ್ಕು ಗಾಳಿ ಸಿಲಿಂಡರು. ಬೆನ್ನಿಗೆ ಸಿಲಿಂಡರು, ಮುಖಕ್ಕೆ ರಬ್ಬರಿನ ಮುಖವಾಡ. ಹೊಗೆಯೊಳಗೆ ಹೋಗುವವನ ಉಸಿರು ಅದೇ. ಸಿಲಿಂಡರಿನ ಕೊರಳ ಮೇಲೆ ಮರುಪರೀಕ್ಷೆಯ ತಾರೀಖು ಒತ್ತಿತ್ತು. ಆ ತಾರೀಖು ದಾಟಿ ಯಾವ ಕಾಲವಾಗಿತ್ತೋ. ಪರೀಕ್ಷೆಗೆ ದೊಡ್ಡ ಪಟ್ಟಣಕ್ಕೆ ಕಳಿಸಬೇಕು, ಅದಕ್ಕೆ ದುಡ್ಡು ಬೇಕು. ನಮ್ಮ ದುಡ್ಡು ಬರುತ್ತಿದ್ದದ್ದು ಬಿಂಗೊ ಆಟದಿಂದ, ಭಾನುವಾರ ಚೌಕದಲ್ಲಿ ಕರಿದು ಮಾರುವ ಕುಂಬಳಕಾಯಿ ರೊಟ್ಟಿಯಿಂದ, ಬಸ್ಸು ನಿಲ್ಲುವಲ್ಲಿ ಡಬ್ಬಿ ಅಲ್ಲಾಡಿಸುವುದರಿಂದ. ಅದು ಡೀಸೆಲ್ಲಿಗೇ ಸಾಲದು. ಇನ್ನು ತರಬೇತಿ. ರಾಜಧಾನಿಗೆ ಹೋಗಿ ಸಿಲಿಂಡರಿನ ಪಾಠ ಕಲಿತು ಬಂದವನು ಒಬ್ಬನೇ ಒಬ್ಬ. ಅವನೂ ಉತ್ತರದ ತಾಮ್ರದ ಗಣಿಗೆ ಹೊಟ್ಟೆಪಾಡಿಗೆ ಹೋದ. ಅವನು ಹೇಳಿದ್ದನ್ನು ಇವನು, ಇವನು ಹೇಳಿದ್ದನ್ನು ಇನ್ನೊಬ್ಬ, ಹೀಗೆ ಪಾಠ ಅಜ್ಜಿ ಕತೆಯ ಹಾಗೆ ಬಾಯಿಂದ ಬಾಯಿಗೆ ಬದಲಾಗುತ್ತಾ ಬಂತು.

ಒಂದು ಶನಿವಾರ ಗಣಿಯ ಹಾಳು ಸ್ನಾನದ ಮನೆಯಲ್ಲಿ ಒದ್ದೆ ಹುಲ್ಲಿಗೆ ಬೆಂಕಿ ಹಾಕಿ ಅಭ್ಯಾಸ ಮಾಡಿಸುತ್ತಿದ್ದರು. ಯಸ್ನಾ ಅಂತ ಒಬ್ಬಳು, ಸೂಪರ್‌ಮಾರ್ಕೆಟ್ಟಿನಲ್ಲಿ ಕ್ಯಾಷಿಯರು, ಕಂಪನಿಯಲ್ಲಿ ಎಲ್ಲರಿಗಿಂತ ಚುರುಕು. ಸಿಲಿಂಡರು ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು ಹೊಗೆಯೊಳಗೆ ತೆವಳುತ್ತಾ ಹೋದಳು. ನಡುವೆ ಗಾಳಿ ನಿಂತುಹೋಯಿತು. ಕುಸ್ತೋದಿಯೊ ಹಗ್ಗ ಅಲ್ಲಾಡದ್ದು ನೋಡಿ ಒಳಗೆ ಬಿದ್ದು ಅವಳನ್ನು ಕಾಲು ಹಿಡಿದು ಎಳೆದು ತಂದ. ತುಟಿ ನೇರಳೆಯಾಗಿತ್ತು. ಉಸಿರು ತಿರುಗಿದ ಮೇಲೆ ಅವಳು ಅಂದ ಮೊದಲ ಮಾತು, "ಮುಳ್ಳು ಅರ್ಧ ತೋರಿಸ್ತಿತ್ತು ಕ್ಯಾಪ್ಟನ್. ಅರ್ಧ ತುಂಬಿತ್ತು."

ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಆ ಮುಳ್ಳನ್ನು ಕುಸ್ತೋದಿಯೊ ನೋಡಿದ. ಇನ್ನೂ ಅರ್ಧದಲ್ಲೇ ನಿಂತಿತ್ತು. ಅವತ್ತೇ ನಾಲ್ಕನ್ನೂ ಕಚೇರಿಯ ಕಬ್ಬಿಣದ ಬೀರುವಿಗೆ ಸೇರಿಸಿ ಬೀಗ ಜಡಿದು, ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡ.

ಕಂಪನಿಯ ನಿರ್ದೇಶಕ ದೊನ್ ಗಸ್ತೋನ್, ಚೌಕದ ಹಾರ್ಡ್‌ವೇರ್ ಅಂಗಡಿಯವನು, ಕೆಟ್ಟವನಲ್ಲ, ನಾಲ್ಕು ಜನರ ಮುಂದೆ ಮರ್ಯಾದೆಗೆ ಅಂಜುವವನು. ಓಡಿ ಬಂದ.

"ಒಂದು ಕೆಟ್ಟಿದೆ ಅಂತ ಉಳಿದ ಮೂರಕ್ಕೂ ಯಾಕಯ್ಯಾ ಬೀಗ?"

"ನಾಲ್ಕೂ ನಾಲ್ಕು ಜನ ಸಾಕ್ಷಿ ಅಂದ್ಕೊಳ್ಳಿ. ಒಬ್ಬ ಸುಳ್ಳು ಹೇಳಿ ಸಿಕ್ಕಾಕ್ಕೊಂಡ. ಉಳಿದ ಮೂವರಲ್ಲಿ ಸತ್ಯವಂತ ಯಾರು, ನೀವೇ ತೋರ್ಸಿ ದೊನ್ ಗಸ್ತೋನ್."

"ಬೆಂಕಿ ಬಿದ್ರೆ?"

"ಹೊರಗಿಂದ ನೀರು ಬಿಡೋದು."

"ಜನ ನಗ್ತಾರೆ. ಬೆಂಕಿ ಕಂಪನಿನೋ, ಹೂಗಿಡಕ್ಕೆ ನೀರು ಬಿಡೋರೋ ಅಂತ."

"ನಗ್ಲಿ ಬಿಡಿ. ನಗೋದಕ್ಕೆ ದುಡ್ಡು ಬೇಡವಲ್ಲ."

ನಾವು ಕೆಲವರು ಹಳಬರು ಸಿಲಿಂಡರಿನ ಪರೀಕ್ಷೆಗೆ ದುಡ್ಡು ಕೊಡಿ ಅಂತ ಪುರಸಭೆಯ ಮುಂದೆ ಪಾತ್ರೆ ಬಡಿದೆವು. ಬಡಿಯುವುದು ನಮಗೆ ಹೊಸದಲ್ಲ. ಮೇಯರ್ ಕೆಳಗೆ ಬಂದ, ಕೈ ಕುಲುಕಿದ, ಅನುದಾನ ಖಂಡಿತ ಅಂದ. ಅನುದಾನ ಬಂತು. ಪೆಟ್ಟಿಗೆ ಒಡೆದರೆ ಒಳಗೆ ಮೆರವಣಿಗೆಯ ಸಮವಸ್ತ್ರ: ಕೆಂಪು ಕೋಟು, ಬಿಳಿ ಪ್ಯಾಂಟು, ಹಿತ್ತಾಳೆ ಗುಂಡಿ. ಯಸ್ನಾ ಒಂದು ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತಳು.

"ಹೆಣಕ್ಕೆ ಚೆನ್ನಾಗೊಪ್ಪುತ್ತೆ," ಅಂದಳು. ಕುಸ್ತೋದಿಯೊ ನಗಲಿಲ್ಲ.

ಜುಲೈ ತಿಂಗಳು, ನಮ್ಮಲ್ಲಿ ಚಳಿಗಾಲದ ನಡುಮಧ್ಯ. ಸಣ್ಣ ಮಳೆ ಹಿಡಿದಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಸೈರನ್ ಕೂಗಿತು. ಗಣಿಯವರು ಹಿಂದೆ ಕಟ್ಟಿಸಿದ ಸಾಲುಮನೆ, ಎರಡಂತಸ್ತು, ತಳದಿಂದ ತುದಿಯವರೆಗೆ ಬರೀ ಮರ. ಕೆಳಗಿನ ಒಲೆಯಿಂದ ಕೆಂಡ ಸಿಡಿದು ಗೋಡೆ ಹಿಡಿದಿತ್ತು. ಮೇಲಿನ ಕೋಣೆಯಲ್ಲಿ ಎರ್ಸೀರಾ ಅಜ್ಜಿ. ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು. ಬೀದಿಯ ಸಾಮೂಹಿಕ ಒಲೆಯಲ್ಲಿ ಅವಳು ಸುಟ್ಟ ರೊಟ್ಟಿ ತಿನ್ನದ ಗಣಿಯವನು ನಮ್ಮೂರಲ್ಲಿಲ್ಲ. ಮಗ ನಿಬಾಲ್ದೊ ದಡಕ್ಕೆ ಹೋಗಿದ್ದ, ಅಲೆ ತಂದು ಹಾಕುವ ಕಲ್ಲಿದ್ದಲು ಆಯುವುದಕ್ಕೆ. ಅವನೂ ಕುಸ್ತೋದಿಯೊನೂ ಒಂದೇ ಗ್ಯಾಂಗಿನವರು.

ಲಾರಿ ಬಂತು. ಮೇಲಿನ ಕಿಟಕಿಯಿಂದ ಹೊಗೆ ಕಪ್ಪಗೆ, ದಪ್ಪಗೆ, ಉಣ್ಣೆಯ ಹಾಗೆ ಬರುತ್ತಿತ್ತು. ಒಳಗಿಂದ ಅಜ್ಜಿಯ ದನಿ ಕೇಳುತ್ತಿತ್ತು. ಅವಳು ಕಿರುಚುತ್ತಿರಲಿಲ್ಲ. ಮಗನ ಹೆಸರು ಕರೆಯುತ್ತಿದ್ದಳು, ಊಟಕ್ಕೆ ಬಾ ಅಂತ ಕರೆಯುವ ಹಾಗೆ.

ಯಸ್ನಾ ಕುಸ್ತೋದಿಯೊನ ಮುಂದೆ ಕೈ ಚಾಚಿದಳು. "ಬೀಗದ ಕೈ ಕೊಡಿ. ಓಡ್ಹೋಗಿ ತರ್ತೀನಿ. ಎರಡು ಬೀದಿ ಅಷ್ಟೇ."

"ಇಲ್ಲ."

"ಅಜ್ಜಿ ಒಳಗಿದಾಳೆ."

"ಗೊತ್ತು."

"ಗೊತ್ತಿದ್ರೆ ಕೊಡಿ ಮತ್ತೆ."

"ಒಬ್ರು ಒಳಗಿದಾರೆ ಯಸ್ನಾ. ಇಬ್ರಾಗೋದು ಬೇಡ."

"ಆ ಸಿಲಿಂಡರು ಕೆಲಸ ಮಾಡಿದ್ರೂ ಮಾಡ್ಬೋದು."

"ಮಾಡ್ದೇನೂ ಇರ್ಬೋದು. ಪೈಪು ಹಿಡ್ಕೊ. ಮೆಟ್ಟಿಲ ಮೇಲೆ ಬಿಡ್ತಾನೇ ಇರು."

ಹಾಗಂದು ಅವನೇ ಪಕ್ಕದ ಮನೆಯ ಕಂಬಳಿಯೊಂದನ್ನು ನೀರಿನಲ್ಲಿ ಅದ್ದಿ, ತಲೆಯ ಮೇಲೆ ಹಾಕಿಕೊಂಡು, ಮುಖವಾಡವಿಲ್ಲದೆ ಒಳಗೆ ಹೋದ. ಧೂಳು ತಿಂದ ಎದೆ ಅದು. ಬರಿಯ ಮೆಟ್ಟಿಲೇ ಹತ್ತಲಾಗದ್ದು ಹೊಗೆಯ ಮೆಟ್ಟಿಲು ಹತ್ತೀತೇ. ಅರ್ಧದಲ್ಲಿ ಕುಸಿದು, ಉರುಳಿಕೊಂಡು ಹೊಸ್ತಿಲಿಗೆ ಬಂದು ಬಿದ್ದ. ಬಾಯಿಂದ ಕರಿ ಲೋಳೆ. ಅಷ್ಟರಲ್ಲಿ ಪೈಪಿನ ತೇಪೆ ಕಿತ್ತುಕೊಂಡು ನೀರು ಬೀದಿಗೆ ಚಿಮ್ಮತೊಡಗಿತು. ನಿಬಾಲ್ದೊ ಇದ್ದಲ ಚೀಲವನ್ನು ಹೊತ್ತುಕೊಂಡೇ ಓಡಿ ಬಂದ. ಅವನನ್ನು ಹಿಡಿದು ನೆಲಕ್ಕೆ ಒತ್ತಿಟ್ಟವರಲ್ಲಿ ನಾನೂ ಒಬ್ಬಳು. ಅಜ್ಜಿಯ ಕರೆ ಯಾವಾಗ ನಿಂತಿತೋ ನಾವ್ಯಾರೂ ಗಮನಿಸಲಿಲ್ಲ.

ಅಜ್ಜಿಯ ಶವದ ಮುಂದೆ ಜಾಗರಣೆ, ಗಣಿ ಯೂನಿಯನ್ನಿನ ಸಭಾಂಗಣದಲ್ಲಿ. ಕುಸ್ತೋದಿಯೊ ಬಂದ, ಕೈಗೆ, ಕಿವಿಗೆ ಪಟ್ಟಿ ಸುತ್ತಿತ್ತು. ಜನ ದಾರಿ ಬಿಟ್ಟರು. ಮರ್ಯಾದೆಗಲ್ಲ, ತಾಗಬಾರದು ಅಂತ.

"ಬಂದ್ಯಾ ಬೀಗದ ಕ್ಯಾಪ್ಟನ್ನೇ," ಅಂದ ನಿಬಾಲ್ದೊ. "ನಿನ್ ಸಿಲಿಂಡರು ಬೆಚ್ಚಗಿದಾವಾ?"

"ನಿಬಾಲ್ದೊ, ಕೇಳು."

"ನೀ ಕೇಳು. ಕೆಳಗಿದ್ದಾಗ ನೀನು ಮೇಲಕ್ಕೆ ಅಂದಾಗೆಲ್ಲ ಬಾಯ್ ಮುಚ್ಕೊಂಡು ಬಂದಿದೀನಿ. ಯಾಕೆ ಅಂತ ಒಂದಿನ ಕೇಳಿಲ್ಲ. ಆದ್ರೆ ಅಲ್ಲಿ ನಾವು ಬಿಟ್ಟು ಬರ್ತಿದ್ದದ್ದು ಕಲ್ಲಿದ್ದಲು ಕಣೋ. ಇಲ್ಲಿ ನೀ ಬಿಟ್ಟದ್ದು ನಮ್ಮವ್ವನ್ನ."

ಕುಸ್ತೋದಿಯೊ ಬಾಯಿ ತೆರೆದ, ಕೆಮ್ಮು ಬಂತು. ಕೆಮ್ಮು ಮುಗಿಯುವ ತನಕ ಎಲ್ಲರೂ ಕಾದರು. ಅವನು ಶವಪೆಟ್ಟಿಗೆ ಮುಟ್ಟಿ ಹೊರಟುಹೋದ. ಅವನ ಕಡೆ ಮಾತಾಡಬೇಕೆಂದು ನನಗನ್ನಿಸಿತು. ಆದರೆ ನಿಬಾಲ್ದೊನ ಮಾತಿಗೆ ಏನಂತ ಉತ್ತರ ಕೊಡುವುದು?

ಶಿಸ್ತು ಮಂಡಳಿ ಕೂತಿತು. ಒಳಗೆ ನಡೆದದ್ದನ್ನು ನನಗೆ ಹೇಳಿದವಳು ಯಸ್ನಾ. ಆರೋಪ ಎರಡು: ಅಪ್ಪಣೆಯಿಲ್ಲದೆ ಸಲಕರಣೆಗೆ ಬೀಗ ಹಾಕಿದ್ದು, ಕ್ಯಾಪ್ಟನ್ ಆಗಿದ್ದೂ ಜಾಗ ಬಿಟ್ಟು ತಾನೇ ಒಳಗೆ ಹೋದದ್ದು. ನುಗ್ಗಿಸಲಿಲ್ಲ ಅನ್ನುವುದು ಒಂದು ತಪ್ಪು, ನುಗ್ಗಿದ ಅನ್ನುವುದು ಇನ್ನೊಂದು. ಎರಡನ್ನೂ ಒಪ್ಪಿಕೊಂಡ. ಕೇಳಿದ್ದು ಒಂದೇ.

"ನನ್ನ ತೆಗೀರಿ, ತೊಂದ್ರೆ ಇಲ್ಲ. ಆ ನಾಲ್ಕನ್ನ ಪರೀಕ್ಷೆಗೆ ಕಳಿಸ್ರಿ. ಕೆಲಸ ಮಾಡ್ತಿದ್ವು ಅಂತ ಬಂದ್ರೆ ಎರ್ಸೀರಾನ ಸಾಯಿಸಿದ್ದು ನಾನು. ಅದು ನನಗೆ ಗೊತ್ತಾಗ್ಬೇಕು."

ದೊನ್ ಗಸ್ತೋನ್ ಮೇಜು ನೋಡುತ್ತಾ, "ಅದಕ್ಕೆ ಹಣ ಎಲ್ಲಿಂದ ತರ್ಲಿ ಕುಸ್ತೋದಿಯೊ?" ಅಂದನಂತೆ.

"ಕೆಂಪು ಕೋಟು ಮಾರ್ರಿ."

ಕೈಯೆತ್ತಿಸಿ ಅವನನ್ನು ತೆಗೆಯುವ ತೀರ್ಮಾನ ಮಾಡಿದರು. ಅವನು ಶಿರಸ್ತ್ರಾಣವನ್ನೂ ಬೀಗದ ಕೈಯನ್ನೂ ಮೇಜಿನ ಮೇಲಿಟ್ಟು ಬಂದ. ಸಿಲಿಂಡರುಗಳು ಪರೀಕ್ಷೆಗೆ ಹೋಗಲಿಲ್ಲ. ಆವತ್ತು ಅವು ಕೆಲಸ ಮಾಡುತ್ತಿದ್ದವೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ, ಗೊತ್ತಾಗುವುದೂ ಇಲ್ಲ. ದೊನ್ ಗಸ್ತೋನ್ ತನ್ನ ಅಂಗಡಿಯಿಂದಲೇ ಗಾಳಿ ಸೋರದ ಹಾಗೆ ಕೂರಿಸುವ ರಬ್ಬರ್ ಬಳೆ ತಂದು ಹಳೆಯವನ್ನು ಬದಲಿಸಿದ, ನಾಲ್ಕಕ್ಕೂ ಹೊಸ ಕೆಂಪು ಬಣ್ಣ ಬಳಿಸಿದ. ಬಣ್ಣ ಕೊರಳ ಮೇಲಿನ ತಾರೀಖನ್ನೂ ಮುಚ್ಚಿತು. ಬೇಕಂತ ಬಳಿದರೋ, ಬಳಿಯುವ ಭರದಲ್ಲಿ ಆಯಿತೋ, ನಾನು ಆಣೆ ಮಾಡಿ ಹೇಳಲಾರೆ. ಹಳೆಯ ನಾಲ್ಕೂ ಮತ್ತೆ ಲಾರಿ ಏರಿದವು.

ಕುಸ್ತೋದಿಯೊನಿಗೆ ಊರಲ್ಲಿ ಕೊಳಾಯಿ ಕೆಲಸ ಕಮ್ಮಿಯಾಯಿತು. ಕರೆದವರೂ ಬೆನ್ನ ಹಿಂದೆ ಬೀಗ, ಬೀಗ ಅಂದರು. ಒಂದು ದಿನ ಸೂಪರ್‌ಮಾರ್ಕೆಟ್ಟಿನಲ್ಲಿ ಅವನು ಯಸ್ನಾಳ ಸಾಲಿನಲ್ಲಿ ಬಂದು ನಿಂತ. ಅವನ ಹಿಂದೆ ನಾನಿದ್ದೆ. ಅವನ ಕೈಯಲ್ಲಿ ಒಂದು ಈರುಳ್ಳಿ.

"ಆ ಸಿಲಿಂಡರು ಬಿಟ್ಬಿಡು ಮಗಳೇ," ಅಂದ.

"ನಾನು ಬಿಟ್ರೆ ಅದನ್ನ ಇನ್ನೊಬ್ರು ಕಟ್ಕೋತಾರೆ."

"ನಿನಗೊಂದ್ಸಲ ಕೈ ಕೊಟ್ಟಿದೆ ಅದು."

"ನೆನಪಿದೆ." ಯಸ್ನಾ ಈರುಳ್ಳಿ ತೂಗಿದಳು. "ಆದ್ರೆ ಅಜ್ಜಿ ಕರೀತಿದ್ದದ್ದು ನಿಮಗೆ ಮಾತ್ರ ಕೇಳ್ಸಿದ್ದಲ್ಲ. ಇನ್ನೊಂದ್ಸಲ ಹೊರಗೆ ನಿಂತ್ಕೊಂಡು ಕೇಳಕ್ಕೆ ನನ್ನ ಕೈಲಾಗಲ್ಲ. ನಿಮ್ಮ ಕೈಲಾಗುತ್ತಾ?"

ಅವನು ಚಿಲ್ಲರೆ ಬಿಟ್ಟು ಹೋದ. ಅವಳು ಕರೆದರೂ ತಿರುಗಲಿಲ್ಲ.

ಆಗಸ್ಟ್ ಕೊನೆಗೆ ಬಡಗಿ ಅಂಗಡಿಗೆ ಬೆಂಕಿ ಬಿತ್ತು. ಬೆಳಗಿನ ಹೊತ್ತು. ಒಳಗೆ ಕೆಲಸದವನೊಬ್ಬ ಉಳಿದಿದ್ದಾನೆ ಅಂದರು, ಇಲ್ಲ ಅಂದರು, ಇದ್ದಾನೆ ಅಂದರು. ಹಗ್ಗ ಕಟ್ಟಿ ಜನರನ್ನು ತಡೆದಿದ್ದರು. ಕುಸ್ತೋದಿಯೊ ಹಗ್ಗದ ಈಚೆ, ನಮ್ಮ ನಡುವೆ, ಕೊಳಾಯಿ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಸೈರನ್ ಕೂಗಿದಾಗ ಓಡುವ ಕಾಲು, ಅದನ್ನು ಯಾವ ಮಂಡಳಿಯೂ ಕಿತ್ತುಕೊಳ್ಳಲಾರದು. ಯಸ್ನಾ ಕೆಂಪು ಸಿಲಿಂಡರು ಕಟ್ಟಿಕೊಂಡು ನಮ್ಮೆದುರೇ ಹಾದಳು. ಅವನನ್ನು ನೋಡಿದಳು, ಮುಖವಾಡ ಬಿಗಿದಳು, ಒಳಗೆ ಹೋದಳು.

"ಮುಳ್ಳು ನೋಡ್ಬೇಡ, ಉಸಿರು ನೋಡ್ಕೊ," ಅಂದ ಅವನು. ಪಕ್ಕದಲ್ಲಿದ್ದ ನನಗೇ ಕಷ್ಟದಲ್ಲಿ ಕೇಳಿಸಿತು, ಅವಳಿಗೆಲ್ಲಿ ಕೇಳಬೇಕು.

ಹೊಗೆ ಬರುತ್ತಲೇ ಇತ್ತು. ಅವನ ಕೈ ಹಗ್ಗವನ್ನು ಹಿಡಿದಿತ್ತು. ಅವನು ಉಸಿರಾಡುತ್ತಿಲ್ಲ ಅಂತ ನನಗೆ ತಡವಾಗಿ ಹೊಳೆಯಿತು. ಎದೆಯ ಜಲ್ಲಿಯ ಸದ್ದೇ ಇರಲಿಲ್ಲ. ಅವಳು ಒಳಗಿರುವಷ್ಟು ಹೊತ್ತು ತಾನೂ ಉಸಿರು ಕಟ್ಟಿ ಹಿಡಿಯುವವನ ಹಾಗೆ ನಿಂತ, ಆಗಲಿಲ್ಲ, ಕೆಮ್ಮುತ್ತಾ ಬಾಗಿದ, ಮತ್ತೆ ನೆಟ್ಟಗಾಗಿ ಮತ್ತೆ ಹಿಡಿದ. ನಿಬಾಲ್ದೊ ಗುಂಪಿನ ಆಚೆ ಬದಿಯಿಂದ ಇವನನ್ನೇ ನೋಡುತ್ತಿದ್ದ. ಈಚೆ ಬರಲಿಲ್ಲ.

ಅಂಗಡಿಯೊಳಗೆ ಯಾರೂ ಇರಲಿಲ್ಲ. ಯಸ್ನಾ ಆ ಸಲ ಹೊರಗೆ ಬಂದಳು.

ಕುಸ್ತೋದಿಯೊ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಇಳಿಜಾರಿನಲ್ಲಿ ನಡೆದ. ಈಗಲೂ ಸೈರನ್ ಕೂಗಿದಾಗ ಬರುತ್ತಾನೆ. ಹಗ್ಗದ ಈಚೆ ನಿಲ್ಲುತ್ತಾನೆ.