ಅರಿಶಿನ ನೀರಿಗೆ ಸುಣ್ಣ

ಮದ್ರಾಸ್ ಸರ್ಕಾರ ಬಳ್ಳಾರಿಯಲ್ಲಿ ಹೆಂಡ ಬಂದ್ ಮಾಡಿದ್ದ ಕಾಲ. ನಾನು ಬ್ರೂಸ್‌ಪೇಟೆಯ ಮನೆಗೆ ಸೊಸೆಯಾಗಿ ಬಂದ ಹೊಸತು. ಹಗಲೆಲ್ಲ ಮಾತಾಡಲು ಇದ್ದವರು ಅತ್ತೆ ಒಬ್ಬರೇ. ಅವರೂ ಮಾತಾಡುತ್ತಿರಲಿಲ್ಲ, ಅಪ್ಪಣೆ ಕೊಡುತ್ತಿದ್ದರು. ಮಧ್ಯಾಹ್ನ ಸ್ವೆಟರ್ ಹೆಣೆಯುವುದನ್ನು ಕಲಿಸಲು ಬರುತ್ತಿದ್ದ ಕ್ರಿಶ್ಚಿಯನ್ ಟೀಚರಮ್ಮನಿಂದಲೇ ನಾನು ಉಸಿರಾಡುತ್ತಿದ್ದೆ. ಬಳ್ಳಾರಿಯ ಬಿಸಿಲಿಗೆ ಸ್ವೆಟರ್! ಹೆಣಿಗೆ ನನಗೆ ಬರಲೇ ಇಲ್ಲ, ನಗು ಮಾತ್ರ ಚೆನ್ನಾಗಿ ಬಂತು.

ಒಂದು ದಿನ ಟೀಚರಮ್ಮ ಕತೆ ಹೇಳಿದರು. ಯಾರದೋ ಮದುವೆಯಲ್ಲಿ ದ್ರಾಕ್ಷಾರಸ, ಅಂದರೆ ದ್ರಾಕ್ಷಿಯ ಹೆಂಡ, ತೀರಿಹೋದಾಗ, ಊಟಕ್ಕೆ ಬಂದಿದ್ದ ಯೇಸುಸ್ವಾಮಿ ಬಾನಿಯ ನೀರನ್ನೇ ದ್ರಾಕ್ಷಾರಸ ಮಾಡಿದರಂತೆ. ಅತ್ತೆ ಎದ್ದು ಹೋಗಿ ತಂಬಿಗೆಯಲ್ಲಿ ಅರಿಶಿನದ ನೀರು ತಂದು, ಎಲೆಯಡಿಕೆ ಚೀಲದಿಂದ ಚಿಟಿಕೆ ಸುಣ್ಣ ಹಾಕಿ ಕಲಕಿದರು. ನೀರು ಕೆಂಪಗಾಯಿತು.

“ತಗೋರಿ. ಆರತಿಗೆ ನಾನೂ ಮಾಡ್ತೀನಿ. ನಿಮ್ಮ ಸ್ವಾಮಿ ಗಾರುಡಿ ಕಲಿತಿದ್ರು.”

“ಗಾರುಡಿ ಅಲ್ರಿ, ಪವಾಡ!”

“ಎರಡಕ್ಕೂ ಏನು ಫರಕು ಐತಿ, ಹೇಳ್ರಿ?”

ಟೀಚರಮ್ಮ ಕಣ್ಣು ತುಂಬಿಕೊಂಡು ನೂಲಿನ ಉಂಡೆ ಎತ್ತಿಕೊಂಡು ಹೋದವರು ಮರುದಿನ ಬರಲಿಲ್ಲ, ಮರುವಾರವೂ ಇಲ್ಲ. ನನಗೆ ಅತ್ತೆಯ ತಲೆಗೆ ಮೊಟಕಬೇಕೆನಿಸಿತು. ಸೊಸೆಯಾದವಳು ಕುಕ್ಕಬಹುದಾದದ್ದು ಪಾತ್ರೆಗಳನ್ನಷ್ಟೇ. ಮನಸಾರೆ ಕುಕ್ಕಿದೆ.

ಅಷ್ಟರಲ್ಲಿ ನಾದಿನಿಯ ಮದುವೆ ಬಂತು. ಸಿರುಗುಪ್ಪದ ಬೀಗರು ಹೇಳಿದ್ದಕ್ಕಿಂತ ಎರಡರಷ್ಟು ಜನ ಬಂದಿಳಿದರು, ಇಳಿದವರೆಲ್ಲ ಮಜ್ಜಿಗೆ ಕೇಳಿದರು. ನನ್ನ ಒತ್ತಾಯಕ್ಕೆ ಬಂದಿದ್ದ ಟೀಚರಮ್ಮ ಅಡುಗೆಮನೆಯ ಬಾಗಿಲಲ್ಲಿ ಮುಖ ಬಿಗಿದುಕೊಂಡು ನಿಂತಿದ್ದರು. ಹಂಡೆಯ ತಳ ಕಂಡಿತು. ಹೊರಗೆ ಬೀಗರ ಕಡೆಯ ಹಿರಿಯನೊಬ್ಬ “ಮಜ್ಜಿಗಿ ತರ್ರಿ!” ಎಂದು ಕೂಗುತ್ತಲೇ ಇದ್ದ. ಇಲ್ಲವೆಂದರೆ ಸಿರುಗುಪ್ಪದ ತನಕ ಮಾನ ಹೋಗುತ್ತಿತ್ತು.

ಅತ್ತೆ ಆಚೀಚೆ ನೋಡಿ ಹಂಡೆಗೆ ಎರಡು ಕೊಡ ನೀರು ಸುರಿದರು. ಉಪ್ಪು, ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿಯನ್ನು ಧಾರಾಳವಾಗಿ ಹಾಕಿ ಕಲಕಿದರು. ಹಿರಿಯ ಒಂದು ಲೋಟ ಇಳಿಸಿ ಮೀಸೆ ಒರೆಸಿಕೊಂಡ.

“ಮೊದಲಿಂದಕ್ಕಿಂತ ಇದ ಚಲೋ ಐತಿ ನೋಡ್ರಿ!”

ಟೀಚರಮ್ಮ ಬಾಯಿಗೆ ಸೆರಗು ತುರುಕಿಕೊಂಡರು. ಅತ್ತೆ ಅವರ ಕೈ ಹಿಡಿದು, “ಯಾರ ಮುಂದನೂ ಹೇಳಬ್ಯಾಡ್ರಿ,” ಎಂದರು.

“ನಮ್ಮ ಸ್ವಾಮಿ ಹೋಗಿದ್ದ ಮದುವ್ಯಾಗೂ ಹಂಗ ಆಗಿತ್ರಿ. ಬಡಿಸೋರಿಗೆ ಬಿಟ್ರ ಯಾರಿಗೂ ಗೊತ್ತಿರಲಿಲ್ಲ. ಕುಡಿದ ಹಿರ್ಯಾನೂ ಇದ ಮಾತು ಅಂದಿದ್ದ.”

ಅತ್ತೆ ಸೌಟು ಹಿಡಿದು ನಿಂತೇಬಿಟ್ಟರು.

“ಮದುವಿ ಮನಿಯವರ ಮಾನ ಉಳಿಸಿ ಸುಮ್ಮನ ಕುಂತ್ರೇನು? ಹಂಗಾದ್ರ ಗಾರುಡಿ ಅಲ್ಲ ಬಿಡ್ರಿ. ಗಾರುಡಿಯವ ಆಗಿದ್ರ ಡೋಲು ಬಡಿದು ಊರು ಕೂಡಿಸ್ತಿದ್ದ.”

ಮದುವೆ ಮುಗಿದ ಮೇಲೆ ಟೀಚರಮ್ಮ ನೂಲಿನ ಉಂಡೆ ಹಿಡಿದು ಮತ್ತೆ ಬಂದರು. ನನಗೆ ಅಳುವಷ್ಟು ಸಂತೋಷವಾಯಿತು. ಅತ್ತೆ ತಾವೇ ಚಾಪೆ ಹಾಸಿದರು.

“ಆದ್ರೂ ನಿಮ್ಮ ಸ್ವಾಮಿ ಮಜ್ಜಿಗಿ ಮಾಡಿದ್ರ ಸಾಕಿತ್ರಿ. ಈಗ ಬಂದು ಅದನ್ನ ಮಾಡಿದ್ರ ಪೊಲೀಸ್ರು ಬಿಡ್ತಾರೇನು?”

ಹೀಗೆಂದು ನನ್ನ ಪಕ್ಕ ತಾವೂ ಕೂತು ಕಡ್ಡಿ ಕೈಗೆ ತೆಗೆದುಕೊಂಡರು. ಅವರಿಗೂ ಹೆಣಿಗೆ ಬರಲಿಲ್ಲ.