ದೇವರ ಮರದಿಂದ ಬಿದ್ದ ಬಟ್ಟಲು

ಚೌಕಾಸಿಯಲ್ಲಿ ಸೋತು ಕುಣಿದಾಡಿದ್ದು ನನ್ನ ಜನ್ಮದಲ್ಲಿ ಒಂದೇ ಸಲ. ನೆನೆದರೆ ಈಗಲೂ ಕೈ ಜುಮ್ಮೆನ್ನುತ್ತದೆ.

ತಾಳವಾಡಿಯಲ್ಲಿ ನನ್ನದು ಮರ ಕಡೆಯುವ ಅಂಗಡಿ. ಲೇತಿನಲ್ಲಿ ಮರ ಗಿರ್ರನೆ ತಿರುಗಬೇಕು, ಉಳಿ ತಾಗಿಸಿದರೆ ಲಟ್ಟಣಿಗೆ, ಬುಗುರಿ, ಬಟ್ಟಲು. ಯಾರೂ ಕಲಿಸಲಿಲ್ಲ, ಕೆಡಿಸಿ ಕೆಡಿಸಿಯೇ ಕಲಿತೆ. ಒಂದು ಬೆಳಿಗ್ಗೆ ಕಾಡಂಚಿನ ಸೋಲಿಗರ ಹಾಡಿಯಿಂದ, ಅವರ ಮಾತಲ್ಲಿ ಪೋಡಿನಿಂದ, ಪೂಜೆ ಮಾಡುವ ಅಜ್ಜ ಬಂದ. ಹೆಗಲ ಮೇಲೆ ಸಂಪಿಗೆ ತುಂಡು.

“ದೇವ್ರ ಮರದ್ದು ಕಣ್ಲಾ. ನಾವು ಕಡಿಯಲ್ಲ, ತಾನಾಗೇ ಬಿದ್ರೆ ಮುಟ್ತೀವಿ. ಬ್ಯಾಸ್ಗೆ ಜೇನಿಗೆ ಮುಂಚೆ ಒಂದು ಬಟ್ಲು ಮಾಡ್ಕೊಡು.”

ಹಳೆಯದು ಸೀಳಿತ್ತಂತೆ. ಸೋರುವ ಬಟ್ಟಲಲ್ಲಿ ಎಡೆ ಇಡುವಂತಿಲ್ಲ. ದೇವರಿಗೆ ಇಡದೆ ಪೋಡಿನ ಮಕ್ಕಳೂ ಹೊಸ ಜೇನು ನೆಕ್ಕುವಂತಿಲ್ಲ.

ತುಂಡು ತಿರುಗಿಸಿ ನೋಡಿದೆ. ಹಸಿ ಮರ, ತಿರುಳಲ್ಲಿ ಕೂದಲೆಳೆ ಬಿರುಕು.

“ಇದೂ ಸೀಳಿದ್ರೆ ಇನ್ನೊಂದು ತರ್ತೀಯಾ ಅಜ್ಜ?”

“ಮರ ಕೊಟ್ರೆ ತತ್ತೀನಿ. ಯಾವಾಗ ಕೊಟ್ಟದೋ ಅದ್ರ ಇಷ್ಟ.”

“ಸರಿ, ಕೂಲಿ?”

“ದೇವ್ರ ಮರಕ್ಕೆ ಬೆಲೆಯಾ?”

“ಮರಕ್ಕಲ್ಲಜ್ಜ, ನನ್ನ ಕೈಗೆ!”

“ಕೈ ಯಾರ್ ಕೊಟ್ರು?”

ದಿಂಬಂ ಘಾಟಿಯ ಟೀ ಅಂಗಡಿಯವರನ್ನೆಲ್ಲ ಮಾತಲ್ಲೇ ಮಣಿಸುವ ನಾನು ಕೂಲಿಯ ಮಾತು ಬಿಟ್ಟು ತುಂಡನ್ನು ಲೇತಿನ ಪಕ್ಕ ಇಟ್ಟುಕೊಂಡೆ. ಹೊರಟವನು ಬಾಗಿಲಲ್ಲಿ ನಿಂತು ಇನ್ನೊಂದು ಸೇರಿಸಿದ: “ಒಂಚೂರು ಒಟ್ಟೂ ಒಲೆಗೆ ಆಕ್ಬುಟ್ಟೀಯ! ಎಲ್ಲಾ ಮರದ ಬುಡಕ್ಕೇ ಓಗ್ಬೇಕು.”

ನನ್ನ ಅಂಗಡಿಯ ಹೊಟ್ಟು ದಿನಾ ಪಕ್ಕದ ಹೋಟೆಲಿನ ಒಲೆಗೆ. ಅವತ್ತು ಲೇತಿನ ಕೆಳಗೆ ಹಳೇ ಸೀರೆ ಹಾಸಿ ಕೂತೆ. ಉಳಿ ತಾಗಿದ್ದೇ ತಡ, ಹಸಿ ಸುರುಳಿಗಳು ಮುಖಕ್ಕೆ ಹಾರಿದವು, ತಣ್ಣಗೆ, ನೀರು ಚಿಮುಕಿಸಿದ ಹಾಗೆ. ಏನು ಪರಿಮಳ, ಏನು ಹೊಂಬಣ್ಣ! ಬಿರುಕಿನ ಕಡೆಯನ್ನೆಲ್ಲ ಒಳಗಿಂದ ತೋಡಿ ತೆಗೆದೆ. ಬಟ್ಟಲಿನ ಗೋಡೆ ದಪ್ಪಗೇ ಬಿಟ್ಟೆ. ಒಣಗಿದ ಮೇಲಲ್ಲವೇ ನಯ ಮಾಡುವುದು.

ಒಣಗುವಾಗಲೇ ಕಂಟಕ. ಅಲ್ಲಿಯವರೆಗೆ ನನ್ನ ಹಸಿ ಬಟ್ಟಲುಗಳೆಲ್ಲ ಹಲಗೆಯ ಮೇಲೆ ಕೂತು ಪಟ್ ಅಂತ ಸೀಳುತ್ತಿದ್ದವು. ಈ ಸಲ ದೇವರ ಸೊತ್ತು ಚದುರುವುದು ಬೇಡವೆಂದು ಬಟ್ಟಲನ್ನೂ ಹೊಟ್ಟನ್ನೂ ಒಂದೇ ಗೋಣಿಗೆ ತುಂಬಿ ಮೂಲೆಗಿಟ್ಟೆ. ಆಗಾಗ ಕೈ ತೂರಿಸಿ, ಉಸಿರು ಹಿಡಿದು, ಅಂಚು ಸವರುತ್ತಿದ್ದೆ. ಇವತ್ತೂ ಸೀಳಿಲ್ಲ! ಹೊಟ್ಟಿನ ತೇವ ಬಟ್ಟಲನ್ನು ಆತುರಪಡಲು ಬಿಡಲೇ ಇಲ್ಲ. ಮರ ಕಡೆಯುವವರು ಇದನ್ನು ಕೇಳಿಟ್ಟುಕೊಳ್ಳಿ: ಹಸಿ ಬಟ್ಟಲನ್ನು ಅದರದೇ ಹೊಟ್ಟಿನಲ್ಲಿ ಹೂತಿಡಿ. ಒಲೆಗೆ ಸೌದೆ ಎಲ್ಲಾದರೂ ಸಿಗುತ್ತದೆ.

ಒಣಗಿದ ಬಟ್ಟಲನ್ನು ನಯ ಮಾಡಿ, ಹೊಟ್ಟಿನ ಗೋಣಿಯ ಜೊತೆಗೆ ಜೇನಿನ ಕಾಲಕ್ಕೆ ಪೋಡಿಗೆ ಒಯ್ದೆ. ಅಜ್ಜ ತಟ್ಟಿ ನೋಡಿದ, ಠಣ್ ಎಂದಿತು. ಜೇನು ಸುರಿದು ಬಟ್ಟಲನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ. ಎಲ್ಲರ ಕಣ್ಣೂ ತಳದ ಮೇಲೆ. ಒಂದು ಹನಿಯೂ ಇಳಿಯಲಿಲ್ಲ. ಎಡೆಯಿಟ್ಟು ಏಳುವಷ್ಟರಲ್ಲಿ ಮಕ್ಕಳು ಹೋ ಎಂದು ಬೆರಳದ್ದಿದರು, ನಾನೂ ಅದ್ದಿದೆ.

ಗೋಣಿಯ ಹೊಟ್ಟನ್ನು ಸಂಪಿಗೆಯ ಬುಡಕ್ಕೆ ಸುರಿಯುವಾಗ ನನ್ನ ಕಣ್ಣು ತಾನಾಗೇ ಕೊಂಬೆಗಳತ್ತ ಹೋಯಿತು. ಅವುಗಳಲ್ಲೊಂದು ಸ್ವಲ್ಪ ಬಾಗಿತ್ತು, ಇವತ್ತೋ ನಾಳೆಯೋ ಬೀಳುವ ಹಾಗೆ.

“ಮ್ಯಾಲೆ ನೋಡ್ಬ್ಯಾಡ ಕಣ್ಲಾ,” ಎಂದ ಅಜ್ಜ ಬೆರಳು ನೆಕ್ಕುತ್ತ, “ಅದ್ರ ತಾವ ನಿನ್ನ ಯಾಪಾರ ನಡ್ಯಾಕಿಲ್ಲ.”